ಎಳ್ಳು ಬೀರಲು ಕಾರಿನಲ್ಲಿ ಬಂದವರು

ಹೋದ ವಾರ ಚನ್ನರಾಯಪಟ್ಟಣದ ಹತ್ತಿರ ಒಂದು ಹೊಸ ಬಡಾವಣೆಯ ಉದ್ಘಾಟನೆಗೆ ಮೈಕ್ ಸೆಟ್ ಹಾಕಲು ಹೋಗಿದ್ದೆ. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ಮನೆಯಲ್ಲಿ ಕೇಳುತ್ತಾರೆ. ಹೊಳೆನರಸೀಪುರದಿಂದ ಅರಕಲಗೂಡಿನವರೆಗೆ ನನ್ನ ಮೈಕಿನಲ್ಲಿ ಗಂಟಲು ಸರಿಮಾಡಿಕೊಳ್ಳದೆ ದೊಡ್ಡ ಮನುಷ್ಯನಾದವನು ಒಬ್ಬನೂ ಇಲ್ಲ. ನಾನು ಮನೆಯಲ್ಲಿ ಕುಳಿತರೆ ಈ ಸೀಮೆಯಲ್ಲಿ ಭಾಷಣಗಳೇ ನಿಂತುಹೋಗುತ್ತವೆ. ನಿಂತರೆ ಒಳ್ಳೆಯದೇ ಎಂದು ನನ್ನ ಹೆಂಡತಿ ಜಯಮ್ಮ ಹೇಳುತ್ತಾಳೆ, ಅದು ಬೇರೆ ಮಾತು.

ಗೇಟಿನ ಹೊರಗೆ ವೇದಿಕೆ. ಅದರ ಮೇಲೆ ಕೋಟು ಹಾಕಿದ ಒಬ್ಬರು ಮಾತಾಡುತ್ತಿದ್ದರು. ಒಳಗೆ ವಾಕಿಂಗಿಗೆಂದೇ ಟ್ರ್ಯಾಕ್ ಇದೆ, ಸುತ್ತ ಎತ್ತರದ ಕಾಂಪೌಂಡ್ ಇದೆ, ಇರುವುದು ಒಂದೇ ಗೇಟು, ಎಲ್ಲರೂ ಒಂದೇ ಮನೆಯವರ ಹಾಗೆ ಬಾಳಬಹುದು ಎಂದರು. ಅವರ ಬೆನ್ನ ಹಿಂದೆ ಹಳೆಯ ಗಾಡಿ ಜಾಡೊಂದು ನೇರವಾಗಿ ಬಂದು ಆ ಕಾಂಪೌಂಡಿಗೆ ಮುಖ ಗುದ್ದಿಕೊಂಡು ನಿಂತಿತ್ತು. ಹುಲ್ಲಿನ ಹೊರೆ ಹೊತ್ತ ಹೆಂಗಸೊಬ್ಬಳು ಗೋಡೆಯ ಉದ್ದಕ್ಕೂ ಸುತ್ತಿಕೊಂಡು ಹೋಗುತ್ತಿದ್ದಳು. ನನ್ನ ಕೈ ತಾನಾಗಿಯೇ ಆಂಪ್ಲಿಫೈಯರಿನ ತಿರುಪಿಗೆ ಹೋಯಿತು. 'ಒಂದೇ ಮನೆಯವರ ಹಾಗೆ' ಎಂಬಲ್ಲಿಗೆ ಮೈಕು ಕುಂಯ್ ಎಂದು ಕಿರುಚಿಕೊಂಡಿತು.

"ಏನ್ರೀ ಅದು?" ಎಂದರು ಕೋಟಿನವರು.

"ವೈರು ಲೂಸಾಗ್ಬುಟ್ಟದೆ ಸಾ. ನೀವ್ ಮಾತಾಡಿ. ನಿಮ್ ಮಾತ್ ಕೇಳಿ ಅದ್ಕೆ ಅಳು ಬತ್ತದೆ ಅಷ್ಟೆ."

ಕೊನೆಗೆ ಬಂದವರಿಗೆಲ್ಲ ಸಂಕ್ರಾಂತಿ ಹತ್ತಿರ ಬಂತೆಂದು ಎಳ್ಳು ಬೆಲ್ಲದ ಪ್ಯಾಕೆಟ್ ಹಂಚಿದರು. ಪ್ಲಾಸ್ಟಿಕ್ಕಿನ ಮೇಲೆ ಬಡಾವಣೆಯ ಹೆಸರು. ಬಸ್ಸಿನಲ್ಲಿ ಕುಳಿತು ಅದರ ಮೂಲೆ ಕಚ್ಚಿ ಹರಿದೆ. ಹುರಿದ ಎಳ್ಳಿನ ವಾಸನೆ ಮೂಗಿಗೆ ಬಡಿಯಿತು ನೋಡಿ, ಹಿರೀಸಾವೆಯ ಕಡೆಯಿಂದ ಬಂದು ಪಕ್ಕದಲ್ಲಿ ಕುಳಿತಿದ್ದವರು ಏನೋ ಕೇಳುತ್ತಿದ್ದರು, ನನಗೆ ಕೇಳಿಸಲೇ ಇಲ್ಲ. ಮೈಯೆಲ್ಲ ಸಿಟ್ಟು. ಎರಡು ಸಂಕ್ರಾಂತಿಗಳ ನಡುವಿನ ಆ ಒಂದು ವರ್ಷ ಪೂರ್ತಿ ಕಣ್ಣ ಮುಂದೆ ಬಂತು.

ನಮ್ಮದು ಹೊಳೆನರಸೀಪುರದ ಬಾವಿ ಬೀದಿ. ಎತ್ತಿನ ಗಾಡಿ ಬಂದರೆ ಎದುರಿನ ನಾಯಿ ಜಗಲಿ ಹತ್ತಬೇಕು, ಅಷ್ಟೇ ಅಗಲ. ಎರಡು ಬದಿಗೂ ಹಳೆಯ ಮನೆಗಳು, ಮನೆ ಮುಂದೆ ಕಲ್ಲು ಚಪ್ಪಡಿಯ ಜಗಲಿಗಳು. ಯಾರ ಜಗಲಿಯ ಮೇಲೆ ಯಾರು ಕುಳಿತರೂ ಕೇಳುವವರಿಲ್ಲ. ನನ್ನ ಮನೆಯ ಪಕ್ಕದಲ್ಲಿ ಒಂದು ಸಂದಿ. ಅದನ್ನು ದಾಟಿದರೆ ಹಿಂದೆ ರಾಗಿ ಹೊಲವಿತ್ತು, ಹೊಲದ ಬದುವಿನ ಮೇಲೆ ಕಾಲುದಾರಿ, ಆ ಕಡೆ ಶಾಲೆ. ನಾನು ಆ ದಾರಿಯಲ್ಲೇ ಶಾಲೆಗೆ ಹೋಗುತ್ತಿದ್ದೆ, ಅದೇ ದಾರಿಯಲ್ಲಿ ಮೇಷ್ಟರಿಂದ ತಪ್ಪಿಸಿಕೊಂಡೂ ಬರುತ್ತಿದ್ದೆ. ಓಟದಲ್ಲಿ ನನ್ನನ್ನು ಹಿಡಿದವರಿಲ್ಲ.

ಹೊಲ ಹೋಗಿ ಬಡಾವಣೆ ಬಂತು. ಬರಲಿ, ಜನ ಹೆಚ್ಚಾದರೆ ಮನೆ ಬೇಡವೇ. ಕಾಲುದಾರಿಯೇ ಅಲ್ಲಿ ಡಾಂಬರು ರಸ್ತೆಯಾಗಿ ನಮ್ಮ ಸಂದಿಗೆ ಬಂದು ಸೇರಿತು. ನಮ್ಮ ಅಕ್ಕ ಗೌರಕ್ಕನೂ ಅವಳ ಮಗ ಮಂಜುನಾಥನೂ ಅಲ್ಲೇ ಮನೆ ಕಟ್ಟಿಕೊಂಡರು. ಆಗ ನಾನೇ ಮುಂದೆ ನಿಂತು ಶಾಮಿಯಾನ ಹಾಕಿಸಿದ್ದೆ.

ಗೌರಕ್ಕ ಬೆಳಗಿನ ತಿಂಡಿ ಮುಗಿಸಿ, ಕೈಯಲ್ಲಿ ಕೋಲು ಹಿಡಿದು ಸಂದಿಯಲ್ಲಿ ಬರುವಳು. ಕೋಲು ಕಾಲಿಗಲ್ಲ, ನಾಯಿಗೆ ಮತ್ತು ನನಗೆ. ನಮ್ಮ ಜಗಲಿಯ ಮೇಲೆ ಕುಳಿತರೆ ಬೀದಿಯ ಯಾರ ಮನೆಯ ಅವರೆಕಾಯಿಯಾದರೂ ಅವಳ ಮಡಿಲಿಗೆ ಬಂದು ಬೀಳುತ್ತಿತ್ತು. ಸುಲಿಯುತ್ತ ಸುಲಿಯುತ್ತ ಬೀದಿಯ ಸುದ್ದಿಯನ್ನೆಲ್ಲ ಸುಲಿಯುವಳು. ಮಂಡಿ ನೋವು ಮೊದಲೇ ಇತ್ತು. ಹಾಸನದ ಡಾಕ್ಟರು, "ಅಮ್ಮ, ನಿಮಗೆ ಮಾತ್ರೆಗಿಂತ ನಡಿಗೆ ಮುಖ್ಯ. ನಿಲ್ಲಿಸಿದ್ರೆ ಕಾಲು ಹಿಡಕೊಳ್ತದೆ" ಎಂದಿದ್ದರು. ಅವಳು ಅದನ್ನು ನನಗೆ ಹೇಳಿದ್ದು ಹೀಗೆ: "ದಿನಾ ನಿನ್ ಮಕ ನೋಡ್ಬೇಕಂತೆ ಕಣ್ಲಾ. ಅದೇ ಔಷ್ದಿಯಂತೆ. ನನ್ ಕರ್ಮ."

ಆ ವರ್ಷ ಶಿವರಾತ್ರಿ ಕಳೆಯುತ್ತಿದ್ದಂತೆ ಸಂದಿಯ ಬಾಯಿಗೆ ಇಟ್ಟಿಗೆ ಬಂತು.

ಬಡಾವಣೆಯ ಸಂಘಕ್ಕೆ ಅಧ್ಯಕ್ಷರಾಗಿದ್ದವರು ಇಂಜಿನಿಯರ್ ಚಂದ್ರಶೇಖರ್. ಜೀವಮಾನವೆಲ್ಲ ರಸ್ತೆ ಮಾಡಿಸಿ ನಿವೃತ್ತರಾದವರು. ಅವರ ಮನೆಯ ಗೇಟು ನಮ್ಮ ಸಂದಿಗೆ ನೇರ ಎದುರು. ಯಾರೋ ವಾಸ್ತು ನೋಡುವವನು ಬಂದು, ರಸ್ತೆ ನೇರವಾಗಿ ಬಂದು ಗೇಟಿಗೆ ಚುಚ್ಚುತ್ತದೆ, ಇದು ಬೀದಿ ಕುತ್ತು, ಯಜಮಾನನಿಗೆ ಆಗಿಬರುವುದಿಲ್ಲ ಎಂದನಂತೆ. ಊರಿಗೆಲ್ಲ ರಸ್ತೆ ಹಾಕಿದವರು ತಮ್ಮ ಮನೆಗೆ ಬಂದ ರಸ್ತೆಗೆ ಹೆದರಿಕೊಂಡರು. ಸಭೆಯಲ್ಲಿ ಮಾತ್ರ ಅವರು ಕುತ್ತಿನ ಸುದ್ದಿ ಎತ್ತಲಿಲ್ಲ, ಸುರಕ್ಷತೆ ಎಂದರು. ಎಲ್ಲರೂ ಕೈ ಎತ್ತಿದರು. ನನ್ನ ಸೋದರಳಿಯ ಮಂಜನೂ ಎತ್ತಿದ.

ಗೋಡೆ ಸೊಂಟದೆತ್ತರಕ್ಕೆ ಬಂದಿದ್ದಾಗ ನಾನು ಈ ಕಡೆ, ಇಂಜಿನಿಯರ್ ಆ ಕಡೆ.

"ನಂಜಣ್ಣ, ಇದು ಸೆಕ್ಯುರಿಟಿ ವಿಷಯ. ಹೊರಗಿನವರೆಲ್ಲ ಒಳಗೆ ಓಡಾಡ್ತಾರೆ."

"ಯಾರು ಸಾ ಹೊರಗಿನೋರು?"

"ಯಾರೋ. ಗೊತ್ತಿಲ್ಲದವರು."

"ನಿಮ್ಮನೆ ಗೃಹಪ್ರವೇಶಕ್ಕೆ ವಾಲಗದೋರ್ಗೆ ಮೈಕ್ ಇಟ್ಟೋನು ನಾನು. ಅವತ್ತು ಒಳಗಿನೋನಾಗಿದ್ನಾ?"

"ನಿಮ್ಮನ್ನ ಹೇಳಿದ್ದಲ್ಲ ನಂಜಣ್ಣ."

"ಗೋಡೆಗೆ ಅದೆಂಗ್ ಗೊತ್ತಾಯ್ತದೆ ಸಾ?"

ಅವರು ಮೇಸ್ತ್ರಿಯ ಕಡೆ ತಿರುಗಿ ಇನ್ನೊಂದು ವರಸೆ ಇಡು ಎಂದರು. ಅಷ್ಟೇ ಉತ್ತರ.

ನನಗೆ ಇಂದಿಗೂ ಹೊಟ್ಟೆ ಉರಿಯುವುದು ಇದಕ್ಕೆ: ಸಂದಿ ಮುಚ್ಚಿದ ಅದೇ ತಿಂಗಳು ಅವರು ಬಡಾವಣೆಯ ಪಾರ್ಕಿನಲ್ಲಿ ವಾಕಿಂಗ್ ಟ್ರ್ಯಾಕ್ ಮಾಡಿಸಿದರು. ಎಂಟರ ಆಕಾರದ್ದು. ಬಿಳಿ ಬೂಟು ಹಾಕಿಕೊಂಡು ಜನ ಅದರಲ್ಲಿ ಗಾಣದೆತ್ತಿನ ಹಾಗೆ ಸುತ್ತುವರು. ಸುತ್ತಿ ಮನೆಗೆ ಹೋಗಿ, ಕಾರು ತೆಗೆದು, ಮೇನ್ ರೋಡು ಬಳಸಿಕೊಂಡು ನಮ್ಮ ಬೀದಿಯ ತುದಿಯ ಅಂಗಡಿಗೆ ಬಂದು ಕೊತ್ತಂಬರಿ ಸೊಪ್ಪು ಕೊಂಡು ಹೋಗುವರು. ಕಾಲಿದ್ದವರಿಗೆ ದಾರಿ ಮುಚ್ಚಿ, ದಾರಿಯಿಲ್ಲದ ಕಡೆ ಕಾಲು ಸವೆಸುವುದನ್ನು ಆರೋಗ್ಯ ಎನ್ನುತ್ತಾರೆ. ಇದನ್ನು ಬೈಯಲು ಕನ್ನಡದಲ್ಲಿ ಮಾತು ಕಡಿಮೆ. ಇರುವ ಕೆಲವನ್ನು ಜಯಮ್ಮ ಬರೆಯಬೇಡಿ ಎಂದಿದ್ದಾಳೆ.

ಗೌರಕ್ಕನಿಗೆ ಉಳಿದದ್ದು ಮೇನ್ ರೋಡಿನ ಸುತ್ತು. ಅಲ್ಲಿ ಚರಂಡಿಯ ಮೇಲೆ ಹಾಸಿದ ಕಲ್ಲೇ ಫುಟ್‌ಪಾತು. ಒಂದು ಕಲ್ಲು ಇದೆ, ಒಂದು ಕಲ್ಲು ಇಲ್ಲ. ಇರುವ ಕಲ್ಲಿನ ಮೇಲೆ ಮೋಟಾರು ಬೈಕು, ಅದರ ಮುಂದೆ ಅಂಗಡಿಯ ಬೋರ್ಡು. ಮುದುಕಿ ರಸ್ತೆಗೆ ಇಳಿಯಲೇಬೇಕು, ಇಳಿದರೆ ಬೆನ್ನ ಹಿಂದೆ ಲಾರಿ. ಬೇಸಿಗೆಯಲ್ಲಿ ನಾಲ್ಕಾರು ಸಲ ಹಾಗೂ ಹೀಗೂ ಬಂದಳು. ಬಂದವಳು ಸುದ್ದಿ ಹೇಳದೆ ನೀರು ಕುಡಿದು ಒರಗಿಕೊಳ್ಳುತ್ತಿದ್ದಳು.

ಆಷಾಢದ ಒಂದು ಬೆಳಿಗ್ಗೆ ನಾನೇ ಕರೆತರಲು ಹೋದೆ. ಗಾಳಿ, ಜೊತೆಗೆ ತುಂತುರು. ನಾನು ರಸ್ತೆಯ ಕಡೆಗೆ, ಅವಳು ಚರಂಡಿಯ ಕಡೆಗೆ, ಕೈ ಹಿಡಿದುಕೊಂಡು ನಡೆದೆವು. ಅರ್ಧ ದಾರಿಯಲ್ಲಿ ಲಾರಿಯೊಂದು ಗುಂಡಿಗೆ ಬಿದ್ದು ಎದ್ದಿತು. ಇಬ್ಬರೂ ಕೆಸರಿನಲ್ಲಿ ನೆಂದು ತೊಪ್ಪೆಯಾದೆವು. ಅವಳು ಪಂಕ್ಚರ್ ಅಂಗಡಿಯ ಮುಂದಿದ್ದ ಹಳೆಯ ಟೈರಿನ ಮೇಲೆ ಕುಳಿತುಬಿಟ್ಟಳು.

"ಅಕ್ಕ, ಇನ್ನೊಸಿ ದೂರ ಕಣೆ."

"ವಾಪಸ್ ನಡಿಯೋ ನಂಜ."

"ಜಗಲಿ ಮ್ಯಾಲೆ ಜಯ ಕಾಪಿ ಇಟ್ಕಂಡು ಕುಂತವ್ಳೆ."

"ಮೊದ್ಲು ಕಾಲು ನೋಯ್ತಿತ್ತು, ಬತ್ತಿದ್ದೆ. ಈಗ ಎದೆ ನಡುಗ್ತದೆ ಕಣ್ಲಾ. ನಡುಗೋ ಎದೆ ಇಟ್ಕಂಡು ಎಂಗ್ ಬರ್ಲಿ?"

ಅವಳು ಜೀವಮಾನದಲ್ಲಿ ನನ್ನೆದುರು ಹೆದರಿಕೆ ಎಂಬ ಮಾತು ಆಡಿದವಳಲ್ಲ. ಹಾವನ್ನು ಪೊರಕೆಯಲ್ಲಿ ಗುಡಿಸಿ ಆಚೆ ಹಾಕಿದವಳು. ಅವಳನ್ನು ಹಿಂದಕ್ಕೆ ಬಿಟ್ಟು ಬಂದೆ.

ಆಮೇಲೆ ಭಾನುವಾರಗಳಲ್ಲಿ ಮಂಜ ಅವಳನ್ನು ಕಾರಿನಲ್ಲಿ ಗ್ಯಾಸ್ ಸಿಲಿಂಡರಿನ ಹಾಗೆ ತಂದು ಇಳಿಸಿ, ಮತ್ತೆ ಎತ್ತಿಕೊಂಡು ಹೋಗುತ್ತಿದ್ದ. ಮಿಕ್ಕ ದಿನ ನಾವಿಬ್ಬರೂ ಗೋಡೆಯ ಈಚೆ ಆಚೆ ನಿಂತು ಮಾತಾಡುತ್ತಿದ್ದೆವು. ಮುಖ ಕಾಣದು. ಸುಲಿದ ಅವರೆಕಾಳನ್ನು ಗಂಟು ಕಟ್ಟಿ ಗೋಡೆ ಮೇಲಿಂದ ಎಸೆಯುವಳು, ಅದು ನೇರ ನನ್ನ ತಲೆಗೆ ಬೀಳುವುದು. ಕಾಣದಿದ್ದರೂ ಗುರಿ ತಪ್ಪುತ್ತಿರಲಿಲ್ಲ. ಆದರೆ ದಿನ ಕಳೆದಂತೆ ಅವಳು ಗೋಡೆಯ ಹತ್ತಿರ ನಿಲ್ಲುವ ಹೊತ್ತು ಕಡಿಮೆಯಾಯಿತು. "ಕಾಲು ಹಿಡ್ಕತದೆ, ಒಳೀಕೆ ಓಯ್ತೀನಿ" ಎನ್ನುವಳು.

ನಾನು ಸುಮ್ಮನಿದ್ದೆ ಎಂದುಕೊಂಡಿರಾ? ಮೈಕ್ ಸೆಟ್ಟಿನ ಹಾರ್ನೊಂದನ್ನು ತಾರಸಿಗೆ ಹತ್ತಿಸಿ ಪಾರ್ಕಿನ ಕಡೆ ತಿರುಗಿಸಿದೆ. ಸಂಜೆ ಇಂಜಿನಿಯರ್ ವಾಕಿಂಗಿಗೆ ಬಂದರೆಂದರೆ ನನ್ನ ವೀಕ್ಷಕ ವಿವರಣೆ ಶುರು. "ಇಂಜಿನಿಯರ್ ಸಾಯೇಬ್ರು ಮನೆಯಿಂದ ಒಂಟವ್ರೆ. ಬೆಂಚು ದಾಟುದ್ರು. ಮೂಲೆ ತಿರುಗುದ್ರು. ಈಗ ಒಂಟ ಜಾಗಕ್ಕೇ ಬಂದು ಮುಟ್ಟವ್ರೆ. ಪ್ರಯಾಣ ಸುಖವಾಗಿತ್ತಾ ಸಾ?" ಬೀದಿಯೆಲ್ಲ ಜಗಲಿಗೆ ಬಂದು ಕೂರುತ್ತಿತ್ತು. ಗೋಡೆಯ ಆಚೆಯಿಂದ ಗೌರಕ್ಕನ ನಗು ಕೇಳುತ್ತಿತ್ತು, ಅದಕ್ಕಾಗಿಯೇ ಹೇಳುತ್ತಿದ್ದದ್ದು. ನಾಲ್ಕನೆಯ ಸಂಜೆ ಪೊಲೀಸಿನವರು ಬಂದು ಮೈಕು ಹೊತ್ತುಕೊಂಡು ಹೋದರು. ಮರುದಿನ ಅವರದೇ ಒಂದು ಸಮಾರಂಭಕ್ಕೆ ಮೈಕು ಬೇಕಾಗಿ, ಮೈಕಿನ ಜೊತೆಗೆ ನನ್ನನ್ನೂ ಮರ್ಯಾದೆಯಿಂದ ಕರೆದುಕೊಂಡು ಹೋದರು. ಈ ಊರಿನಲ್ಲಿ ನನ್ನನ್ನು ಬಿಟ್ಟು ಏನೂ ನಡೆಯುವುದಿಲ್ಲ ಎಂದು ನಾನು ಸುಮ್ಮನೆ ಹೇಳುವುದಿಲ್ಲ.

ಗೋಡೆ ಮಾತ್ರ ಅಲ್ಲೇ ಇತ್ತು.

ಸಂಕ್ರಾಂತಿ ಬಂತು. ನಮ್ಮ ಕಡೆ ಹೆಂಗಸರು, ಹೆಣ್ಣುಮಕ್ಕಳು ತಟ್ಟೆಯಲ್ಲಿ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು ಇಟ್ಟುಕೊಂಡು ಮನೆಮನೆಗೆ ನಡೆದುಹೋಗಿ ಎಳ್ಳು ಬೀರುತ್ತಾರೆ. ಕೊಡುವಾಗ, ಎಳ್ಳು ತಿಂದು ಒಳ್ಳೆ ಮಾತಾಡಿ ಎನ್ನಬೇಕು. ಬಾವಿ ಬೀದಿಯ ಒಂದು ಬಾಗಿಲನ್ನೂ ಗೌರಕ್ಕ ಎಂದೂ ಬಿಟ್ಟವಳಲ್ಲ. ಹಬ್ಬಕ್ಕೆ ಎರಡು ದಿನ ಮುಂಚೆ ಗೋಡೆಯ ಆಚೆಯಿಂದ ಅವಳ ದನಿ ಬಂತು.

"ಮಂಜ ಪ್ಯಾಕೆಟ್ ಮಾಡಿ ಸ್ಕೂಟ್ರಲ್ಲಿ ಕೊಟ್ಬುಟ್ ಬತ್ತಾನಂತೆ ಕಣ್ಲಾ. ಎಳ್ಳು ಬೀರಾದು ಅಂದ್ರೆ ಕಾಲಲ್ಲಿ ಓಗಿ, ಬಾಗ್ಲಲ್ಲಿ ನಿಂತು, ಅವ್ರ್ ಮಕ ನೋಡ್ಕಂಡು ಕೊಡಾದು. ಪ್ಯಾಕೆಟ್ ಎಸೆಯಾಕೆ ನಾನೇನ್ ಪೇಪರ್ ಹಾಕೋಳಾ?"

"ನೀನ್ ಬರಾಕಾಗ್ದಿದ್ರೆ ನಾನೇ ಆ ಕಡೀಕೆ ಬೀರ್ಕಂಡ್ ಬತ್ತೀನಿ ಬುಡು."

"ಗಂಡಸ್ರು ಎಳ್ಳು ಬೀರ್ತಾರೇನ್ಲಾ?"

"ನಾನು ಗಂಡ್ಸು ಅಂತ ನಿಂಗೆ ಯಾವಾಗ್ನಿಂದ ಅನ್ಸಾಕ್ ಸುರುವಾಯ್ತು?"

ಆಚೆಯಿಂದ ನಗು ಕೇಳಿತು. ಆಮೇಲೆ, "ಒಂದ್ ಮನೇನೂ ಬುಡಬ್ಯಾಡ" ಎಂದಳು. ಮುಂದಿನ ಉಪಾಯ ತನ್ನದು ಎಂದು ಅವಳು ಊರೆಲ್ಲ ಹೇಳಿಕೊಂಡಿದ್ದಾಳೆ. ನಂಬಬೇಡಿ.

ಹಬ್ಬದ ಬೆಳಿಗ್ಗೆ ಜರಿ ಪಂಚೆ ಉಟ್ಟು, ಮೀಸೆ ತೀಡಿ, ಹಿತ್ತಾಳೆ ತಟ್ಟೆ ಹಿಡಿದು ಹೊರಟೆ. ಮೇನ್ ರೋಡು ಬಳಸಿ ಬಡಾವಣೆಯ ಗೇಟಿಗೆ ಹೋಗುವಷ್ಟರಲ್ಲಿ ಎಳ್ಳಿನ ಮೇಲೆ ಧೂಳು ಕೂತಿತ್ತು. ಒಂದೊಂದೇ ಬಾಗಿಲು ಬಡಿದೆ. ಬಾಗಿಲು ತೆರೆದವರು ತಟ್ಟೆ ನೋಡಿ, ಮೀಸೆ ನೋಡಿ ನಕ್ಕರು. ಕೈಗೆ ಎಳ್ಳು ಕೊಟ್ಟು ಒಂದು ಮಾತು ಮೆಲ್ಲಗೆ ಸೇರಿಸುತ್ತಿದ್ದೆ: "ಅವ್ವ, ಹಿರೀಕರು ಬೀರಿದ್ ಎಳ್ಳನ್ನ ದೀಪ ಹಚ್ಚೋದ್ರೊಳ್ಗೆ ಅವ್ರ್ ಬೀದಿಗೇ ಓಗಿ ವಾಪಸ್ ಬೀರ್ಬೇಕು. ಉಳಿಸ್ಕಂಡ್ರೆ ಶನಿ ಮನೇಲೇ ಕುಂತ್ಕತಾನೆ." ಇದು ನಾನು ಮೊದಲನೆಯ ಮನೆಯ ಮೆಟ್ಟಿಲ ಮೇಲೆ ಹುಟ್ಟಿಸಿದ ಶಾಸ್ತ್ರ. ಕೊನೆಯ ಮನೆಗೆ ಹೋದಾಗ ಆ ಮನೆಯವರೇ ನನಗೆ ಅದನ್ನು ಹೇಳಿದರು, ನಮ್ಮ ಅಜ್ಜಿಯೂ ಹೇಳುತ್ತಿದ್ದರು ಎಂದರು. ಬೀದಿ ಕುತ್ತಿಗೆ ಗೋಡೆ ಕಟ್ಟಿದ ಇಂಜಿನಿಯರರಂತೂ ಎಳ್ಳನ್ನು ಅಂಗೈಯಲ್ಲಿ ಕೆಂಡದ ಹಾಗೆ ಹಿಡಿದುಕೊಂಡಿದ್ದರು.

ನಡೆಯದೆ ಬೀರಿದ್ದು ಬೀರಿದ್ದಲ್ಲ ಎಂದು ಗೌರಕ್ಕ ಮನೆಯಲ್ಲೇ ಉಳಿದಳು. ಮಧ್ಯಾಹ್ನ ಮಿಕ್ಕವರೆಲ್ಲ ಹೊರಟರು. ಹೇಗೆ ಹೊರಟರು ಗೊತ್ತೆ? ಕಾರಿನಲ್ಲಿ. ಗೋಡೆಯಿಲ್ಲದಿದ್ದರೆ ತಟ್ಟೆಯ ಮೇಲಿನ ಕರ್ಚೀಪು ಸರಿಯುವಷ್ಟರಲ್ಲಿ ಮುಗಿಯುವ ದಾರಿ. ಅದಕ್ಕೆ ರೇಷ್ಮೆ ಸೀರೆ ಉಟ್ಟವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿಕೊಂಡು, ಮೇನ್ ರೋಡು ಸುತ್ತಿ ನಮ್ಮ ಬೀದಿಗೆ ನುಗ್ಗಿದರು. ಅರ್ಧ ಜನ ಈ ತುದಿಯಿಂದ, ಅರ್ಧ ಜನ ಆ ತುದಿಯಿಂದ. ನಡುವೆ ಬಾವಿಯ ಹತ್ತಿರ ಎರಡು ಕಾರುಗಳು ಟಗರಿನ ಹಾಗೆ ಎದುರುಬದುರು ನಿಂತವು. ಹಿಂದೆ ಮತ್ತೊಂದು, ಅದರ ಹಿಂದೆ ಇನ್ನೊಂದು. ಮುಂದೆ ಹೋಗಲಾರದು, ಹಿಂದೆ ಬರಲಾರದು, ಬಾಗಿಲು ತೆರೆದರೆ ಜಗಲಿಗೆ ತಾಗುತ್ತದೆ.

ಹೆಂಗಸರು ಎಷ್ಟು ಹೊತ್ತು ಒಳಗೆ ಕೂತಾರು? ಒಬ್ಬೊಬ್ಬರೇ ತಟ್ಟೆ ಹಿಡಿದು ತೂರಿಕೊಂಡು ಇಳಿದರು. ಜಗಲಿಗಳು ತುಂಬಿದವು. ಜಯಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಬಡಾವಣೆಯಲ್ಲಿ ಅಕ್ಕಪಕ್ಕದ ಮನೆಯಲ್ಲಿರುವ ಇಬ್ಬರು ಹೆಂಗಸರು, ಇಬ್ಬರದೂ ತವರು ಹಳ್ಳಿಮೈಸೂರು ಎಂಬುದನ್ನು ಕಂಡುಕೊಂಡದ್ದು ನನ್ನ ಜಗಲಿಯ ಮೇಲೆ. ಅಲ್ಲಿ ಗೋಡೆಗೆ ಗೋಡೆ ತಾಗಿಸಿ ಬಾಳಿದವರು ಇಲ್ಲಿ ಬಂದು ಪರಿಚಯ ಮಾಡಿಕೊಂಡರು.

ಇಂಜಿನಿಯರರ ಕಾರು ಸಿಕ್ಕಿಹಾಕಿಕೊಂಡದ್ದು ನಮ್ಮ ಮನೆಯ ಎದುರಿಗೇ. ಬಹಳ ಹೊತ್ತು ಗಾಜು ಇಳಿಸಲಿಲ್ಲ. ಆಮೇಲೆ ಇಳಿಸಿ, ಸುತ್ತ ನೋಡಿ, ದನಿ ತಗ್ಗಿಸಿ ಕರೆದರು.

"ನಂಜಣ್ಣ, ಸ್ವಲ್ಪ ಅರ್ಜೆಂಟು. ಬಾತ್‌ರೂಮು..."

"ನಿಮ್ಮನೆ ಅಗೋ, ತಾರಸಿ ಮ್ಯಾಲಿನ ಟ್ಯಾಂಕ್ ಕಾಣ್ತದಲ್ಲ ಸಾ. ಓಗ್ಬುಟ್ ಬನ್ನಿ."

ಅವರು ಗೋಡೆ ನೋಡಿದರು. ನನ್ನನ್ನು ನೋಡಿದರು. ಸಕ್ಕರೆ ಕಾಯಿಲೆಯ ಮನುಷ್ಯ, ಹಣೆಯಲ್ಲಿ ಬೆವರು. ಇನ್ನೊಂದು ಸ್ವಲ್ಪ ಕಾಯಿಸಬೇಕೆಂದಿದ್ದೆ, ಜಯಮ್ಮ ಬೆನ್ನಿಗೆ ಗುದ್ದಿದಳು. ಹಿತ್ತಲಿಗೆ ಕರೆದುಕೊಂಡು ಹೋದೆ.

ನಮ್ಮ ಹಿತ್ತಲು ಆ ಗೋಡೆಗೆ ಅಂಟಿಕೊಂಡಿದೆ. ಅವರು ಮುಗಿಸಿ ಕೈ ತೊಳೆಯುತ್ತಿದ್ದಾಗ ಗೋಡೆಯ ಆಚೆಯಿಂದ ದನಿ ಬಂತು.

"ಲೋ ನಂಜ, ಯಾರ್ಯಾರ್ ಬಂದವ್ರೆ ಏಳ್ಲಾ. ಎಲ್ರೂ ನಗ್ತಾವ್ರೆ, ನಂಗೊಬ್ಳಿಗೇ ಕಾಣಾಕಿಲ್ಲ. ನನ್ ಜಾಗ್ದಲ್ಲಿ ಯಾರು ಕುಂತವ್ರೆ?"

ಇಂಜಿನಿಯರ್ ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ನಿಂತಿದ್ದರು. ಆಮೇಲೆ ಹೊರಗೆ ಹೋದರು.

ತಿಂಗಳೊಳಗೆ ಗೋಡೆಯಲ್ಲಿ ಒಬ್ಬ ಮನುಷ್ಯ ನಡೆಯುವಷ್ಟು ಬಾಗಿಲು ಒಡೆದರು. ಸಾರ್ವಜನಿಕರ ಒತ್ತಾಯದ ಮೇರೆಗೆ ಎಂದು ಸಂಘದವರು ಬೋರ್ಡು ಹಾಕಿದರು. ಕುತ್ತಿನ ಪರಿಹಾರಕ್ಕೆ ಇಂಜಿನಿಯರ್ ತಮ್ಮ ಗೇಟನ್ನೇ ಪಕ್ಕದ ಮೂಲೆಗೆ ಸರಿಸಿಕೊಂಡರು. ಮೊದಲೇ ಹಾಗೆ ಮಾಡಲು ಇವರಿಗೆ ಯಾವ ಮಾರಿ ಅಡ್ಡ ಬಂದಿತ್ತು ಎಂದು ನಾನು ಇವತ್ತಿಗೂ ಕೇಳುತ್ತೇನೆ.

ಒಡೆದ ದಿನ ನಾನು ಮೈಕಿನಲ್ಲಿ ವಾಲಗ ಹಾಕಿ, ಹೂವಿನ ಹಾರ ಹಿಡಿದು ಜಗಲಿಯ ಹತ್ತಿರ ನಿಂತಿದ್ದೆ. ಗೌರಕ್ಕ ಮಂಜನ ತೋಳು ಹಿಡಿದುಕೊಂಡು ಬಂದಳು. ಹೊಸ ಸೀರೆ. ಗೋಡೆಯ ಬಾಯಿಯವರೆಗೆ ಬಂದು ನಿಂತಳು. ಅಲ್ಲಿಂದ ನನ್ನ ಜಗಲಿ ಕಾಣುತ್ತದೆ. ಬಲಗಾಲು ಎತ್ತಲು ನೋಡಿದಳು, ಆಗಲಿಲ್ಲ. ಎಡಗಾಲಿಗೆ ಭಾರ ಬಿಟ್ಟು ಮತ್ತೆ ನೋಡಿದಳು. ಒಂದು ವರ್ಷ ನಿಂತ ಕಾಲು.

"ಬಾ ಅವ್ವ, ಇಲ್ಲೇ ಅದೆ" ಎಂದ ಮಂಜ.

"ನಂಗೊತ್ತು ಕಣ್ಲಾ ಎಲ್ಲದೆ ಅಂತ" ಎಂದು ಒಡೆದ ಇಟ್ಟಿಗೆಯ ರಾಶಿಯ ಮೇಲೆ ಕುಳಿತಳು.

ಮಂಜ ತಲೆ ತಗ್ಗಿಸಿದ. ಅವನನ್ನು ನಾನು ಬೈಯಲಿಲ್ಲ. ಬೈಯಲು ಬಾಯಿ ತೆರೆದಿದ್ದರೆ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಗೋಡೆ ಒಡೆಯಲು ಮೇಸ್ತ್ರಿಗೆ ಒಂದು ಬೆಳಿಗ್ಗೆ ಸಾಕಾಯಿತು. ಅವಳ ಮಂಡಿಯನ್ನು ಮೊದಲಿನ ಹಾಗೆ ಮಾಡುವ ಮೇಸ್ತ್ರಿಯನ್ನು ಯಾವ ಸಂಘ ಕರೆಸುತ್ತದೆ?

ಮರುದಿನ ಆಳುಗಳನ್ನು ಕರೆದು ನಮ್ಮ ಜಗಲಿಯ ಎಡಗಡೆಯ ಚಪ್ಪಡಿಯನ್ನು ಕೀಳಿಸಿದೆ. ಬಾಗಿಲಿನ ಬಲಕ್ಕೆ ಜಗಲಿ, ಎಡಕ್ಕೆ ಬರೀ ಮಣ್ಣು.

"ಮನೆ ಮುಂದೆ ಹಲ್ಲು ಬಿದ್ದಂಗೆ ಕಾಣ್ತದೆ" ಎಂದಳು ಜಯಮ್ಮ.

"ನಂಗೂ ಬಿದ್ದವೆ. ಜೋಡಿ ಚೆನ್ನಾಗದೆ."

ಆ ಚಪ್ಪಡಿಯನ್ನು ಒಯ್ದು ಗೋಡೆಯ ಬಾಯಲ್ಲೇ ಹಾಕಿಸಿದೆ, ದಾರಿಯನ್ನು ಅರ್ಧ ನುಂಗುವ ಹಾಗೆ. ಈಗ ದಿನಾ ಬೆಳಿಗ್ಗೆ ಅವಳು ಆ ಕಡೆಯಿಂದ ಅಲ್ಲಿಯವರೆಗೆ ಬರುತ್ತಾಳೆ, ನಾನು ಈ ಕಡೆಯಿಂದ ಹೋಗುತ್ತೇನೆ. ಹಾದುಹೋಗುವವರು ನಮ್ಮ ಮುಂದೆ ಅಡ್ಡಡ್ಡ ತಿರುಗಿ, ಒಂದು ಮಾತಾಡಿ, ಅವಳಿಂದ ಒಂದು ಬೈಗುಳ ತಿಂದೇ ಹೋಗಬೇಕು.

ಚನ್ನರಾಯಪಟ್ಟಣದಿಂದ ಬಂದ ಮರುದಿನ ಆ ಪ್ಯಾಕೆಟ್ಟನ್ನು ಅವಳ ಮಡಿಲಿಗೆ ಹಾಕಿದೆ. ಅಷ್ಟರಲ್ಲಿ ಇಂಜಿನಿಯರ್ ಬಂದರು, ಕೈಯಲ್ಲಿ ಬಟ್ಟೆ ಚೀಲ. ಈಗ ಕೊತ್ತಂಬರಿ ಸೊಪ್ಪಿಗೆ ನಡೆದೇ ಹೋಗುತ್ತಾರೆ. ಗೌರಕ್ಕ ಅವರ ಅಂಗೈಗೆ ಒಂದಿಷ್ಟು ಎಳ್ಳು ಹಾಕಿದಳು.

"ತಿಂದು ಒಳ್ಳೆ ಮಾತಾಡಿ ಸಾ."

ಅವರು ಬಾಯಿಗೆ ಹಾಕಿಕೊಂಡು, "ಚೆನ್ನಾಗಿದ್ದೀರಾ ಅಮ್ಮ?" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನಂಜಣ್ಣ, ನೀವೂ ತಗೊಳ್ಳಿ" ಎಂದರು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಅವರು ನನ್ನ ಒಳ್ಳೆ ಮಾತಿಗೆ ಕಾಯುತ್ತ ನಿಂತರು. ಕೊನೆಗೆ ಚೀಲ ಸರಿಮಾಡಿಕೊಂಡು ಅಂಗಡಿಯ ಕಡೆ ಹೋದರು.

ಗೌರಕ್ಕ ಬೀದಿಯ ಕಡೆ ನೋಡುತ್ತಿದ್ದಳು. ನನ್ನ ಮನೆಯ ಬಾಗಿಲ ಬಲಗಡೆ, ಅವಳು ಕೂರುತ್ತಿದ್ದ ಚಪ್ಪಡಿಯ ಮೇಲೆ ಬಿಸಿಲು ಬಿದ್ದಿತ್ತು.

"ನಾಳೀಕೆ ಅಲ್ಲೀ ತಂಕ ಬತ್ತೀನಿ ಕಣ್ಲಾ" ಎಂದಳು. ದಿನಾ ಹೇಳುತ್ತಾಳೆ. ನನ್ನನ್ನು ಕೋಲಿನಿಂದ ತಿವಿದಳು. "ಎಳ್ಳು ತಿಂದಿದ್ಯಲ್ಲ, ಏನಾರ ಒಂದ್ ಒಳ್ಳೆ ಮಾತಾಡ್ಲಾ."

ಬಾಯಲ್ಲಿ ಎಳ್ಳಿದೆ ಎಂದು ಕೈಸನ್ನೆ ಮಾಡಿದೆ. ನುಂಗಿ ಎಷ್ಟೋ ಹೊತ್ತಾಗಿತ್ತು.